ಒಂದೇ ಸುದ್ದಿಗೆ ನೂರು ಪತ್ರಿಕೆ: ಯುರೋಪಿನ ಪತ್ರಕರ್ತರು ಗಡಿ ದಾಟಿ ಒಟ್ಟಿಗೆ ಕೆಲಸ ಮಾಡುವುದು ಹೇಗೆ?

ಕೆರೆದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಪತ್ರಿಕೆಯ ಡೆಸ್ಕಿನಲ್ಲಿ ತುಂಬಾ ವರ್ಷ ಕೂತವನು ನಾನು. ಒಳ್ಳೆ ಸುದ್ದಿ ಸಿಕ್ಕರೆ ನಮ್ಮಲ್ಲಿ ಮೊದಲ ಕೆಲಸ ಅದನ್ನು ಬಚ್ಚಿಡುವುದು. ಬೇರೆ ಪತ್ರಿಕೆಯವರ ಮಾತು ಬಿಡಿ, ನಮ್ಮದೇ ಪತ್ರಿಕೆಯ ಇನ್ನೊಂದು ಆವೃತ್ತಿಯವರಿಗೂ ಬಾಯಿ ಬಿಡುತ್ತಿರಲಿಲ್ಲ.

ಅದಕ್ಕೇ ಪನಾಮಾ ಪೇಪರ್ಸ್ ಕಥೆ ನನಗೆ ಇವತ್ತಿಗೂ ವಿಚಿತ್ರ ಅನಿಸುತ್ತದೆ. ಮ್ಯೂನಿಕ್‌ನ ಝೂಡ್‌ಡಾಯ್ಚ ಝೈಟುಂಗ್ ಪತ್ರಿಕೆಯ ಬಾಸ್ಟಿಯಾನ್ ಓಬರ್‌ಮಾಯರ್‌ಗೆ ಹೆಸರು ಹೇಳದ ಒಬ್ಬರು ದಾಖಲೆ ಕಳಿಸಲು ಶುರು ಮಾಡುತ್ತಾರೆ. ಕೊನೆಗೆ ಅದು 1.15 ಕೋಟಿ ಕಡತ, 2.6 ಟೆರಾಬೈಟ್ ಆಗುತ್ತದೆ. ಗಿರಾಕಿಗಳಿಗೆ ತೆರಿಗೆ ಕಡಿಮೆ ಇರುವ ದೇಶಗಳಲ್ಲಿ ಕಂಪನಿ ಮಾಡಿಕೊಡುತ್ತಿದ್ದ, ಪನಾಮಾದ ಮೊಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯ ಒಳಗಿನ ಕಾಗದ ಅದು. ಬೇರೆ ಯಾರೇ ಆಗಿದ್ದರೂ ಹತ್ತು ವರ್ಷ ಮುಖಪುಟ ತುಂಬಿಸಿಕೊಳ್ಳುತ್ತಿದ್ದರು. ಇವರು ಅದನ್ನು ತನಿಖಾ ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ, ಅಂದರೆ ಐಸಿಐಜೆಗೆ ಕೊಟ್ಟುಬಿಟ್ಟರು. ಸುಮಾರು 80 ದೇಶಗಳ 370ಕ್ಕೂ ಹೆಚ್ಚು ಪತ್ರಕರ್ತರು ತಿಂಗಳುಗಟ್ಟಲೆ ಅದರ ಮೇಲೆ ಕೂತರು. 2016ರ ಏಪ್ರಿಲ್ 3ರ ತನಕ ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ದೇಶದಿಂದ ಇಂಡಿಯನ್ ಎಕ್ಸ್‌ಪ್ರೆಸ್ ಇತ್ತು.

ಇದು ಹೇಗೆ ಸಾಧ್ಯ? ಒಳ್ಳೆತನದಿಂದ ಅಂತ ನನಗೆ ನಂಬಿಕೆ ಇಲ್ಲ. ಯುರೋಪಿನಲ್ಲಿ ಇರುವವರು, ಈ ವಿಷಯ ಓದಿಕೊಂಡವರು ಹೇಳಿ.

---

ಡೇಟಾರಂಗ

ಒಳ್ಳೆತನ ಅಲ್ಲ ಸಾರ್. ಲೆಕ್ಕಾಚಾರ.

ಆ ರಾಶಿಯಲ್ಲಿ 48 ಲಕ್ಷ ಇಮೇಲ್ ಇದ್ದವು. 21 ಲಕ್ಷ ಪಿಡಿಎಫ್, 11 ಲಕ್ಷ ಚಿತ್ರಗಳು. ಚಿತ್ರ ಅಂದರೆ ಪಾಸ್‌ಪೋರ್ಟಿನ ಸ್ಕ್ಯಾನ್, ಸಹಿ ಹಾಕಿದ ಕಾಗದದ ಸ್ಕ್ಯಾನ್. ಅದರಲ್ಲಿ ಪದ ಹುಡುಕಬೇಕು ಅಂದರೆ ಮೊದಲು ಯಂತ್ರ ಓದಿ ಅಕ್ಷರ ಮಾಡಬೇಕು. ಆಮೇಲೆ ತಾನೇ ಹುಡುಕಾಟ? ಮ್ಯೂನಿಕ್‌ನ ವರದಿಗಾರನಿಗೆ ಜರ್ಮನಿಯ ಹೆಸರು ಕಂಡರೆ ತಕ್ಷಣ ಗೊತ್ತಾಗುತ್ತದೆ. ಐಸ್‌ಲ್ಯಾಂಡಿನ ಮಂತ್ರಿಯ ಹೆಂಡತಿಯ ಹೆಸರೋ, ಮಾಲ್ಟಾದ ಲೆಕ್ಕಪರಿಶೋಧಕನ ಹೆಸರೋ ಕಣ್ಣ ಮುಂದೆ ಬಂದರೂ ಗೊತ್ತಾಗುವುದಿಲ್ಲ. ಊರಿನವರಿಗೇ ಊರಿನ ಹೆಸರು ಗೊತ್ತು. ಹಂಚದೇ ಇದ್ದರೆ ಮುಕ್ಕಾಲು ಭಾಗ ಅಲ್ಲೇ ಕೊಳೆಯುತ್ತಿತ್ತು.

ತಂತ್ರಾಂಶದ ಕಡೆಯಿಂದ ಒಂದು ತಮಾಷೆ. ಪತ್ರಕರ್ತರು ತಮ್ಮೊಳಗೆ ಮಾತಾಡಿಕೊಳ್ಳಲು ಐಸಿಐಜೆ ಒಂದು ಗುಪ್ತ ತಾಣ ಮಾಡಿಕೊಂಡಿತ್ತು. ಅದಕ್ಕೆ ಆಧಾರ ಆಕ್ಸ್‌ವಾಲ್ ಎಂಬ ಉಚಿತ ತಂತ್ರಾಂಶ. ಜನ ಅದನ್ನು ಡೇಟಿಂಗ್ ಸೈಟ್ ಕಟ್ಟಲು ಬಳಸುತ್ತಿದ್ದರು! ಯಾರು ಯಾವ ದೇಶದವರು, ಯಾವ ಹೆಸರಿನ ಹಿಂದೆ ಬಿದ್ದಿದ್ದಾರೆ ಅನ್ನೋದೆಲ್ಲ ಅಲ್ಲಿ ಕಾಣುತ್ತಿತ್ತು. ಸಿಕ್ಕಿದ್ದನ್ನು ಅಲ್ಲೇ ಎಲ್ಲರಿಗೂ ಹಾಕಬೇಕು. ಬಚ್ಚಿಟ್ಟುಕೊಳ್ಳುವವನಿಗೆ ಮುಂದಿನ ಸಲ ಕರೆ ಬರುವುದಿಲ್ಲ.

---

ಬ್ರಸೆಲ್ಸ್‌ಬಸವ

ಬೆಲ್ಜಿಯಂನಿಂದ ನಮಸ್ಕಾರ. ನಾನು ಪತ್ರಕರ್ತ ಅಲ್ಲ, ಇಲ್ಲಿ ಐಟಿ ಕೆಲಸ. ಆದರೆ ಇಲ್ಲಿನ ಪತ್ರಿಕೆಗಳನ್ನು ಬಿಡದೆ ಓದುತ್ತೇನೆ.

ಐಸ್‌ಲ್ಯಾಂಡ್ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಡಿ ದಾಟಿದ ಕೆಲಸ ಯಾಕೆ ಬೇಕು ಅನ್ನೋದು ಅದರಲ್ಲೇ ಇದೆ.

ಆಗ ಐಸ್‌ಲ್ಯಾಂಡಿನ ಜನಸಂಖ್ಯೆ ಮೂರೂಕಾಲು ಲಕ್ಷದ ಆಸುಪಾಸು. ನಮ್ಮ ಒಂದು ಜಿಲ್ಲಾ ಕೇಂದ್ರದಷ್ಟೂ ಇಲ್ಲ. ಪ್ರಧಾನಿ ಸಿಗ್ಮುಂಡುರ್ ಡೇವಿಡ್ ಗುನ್‌ಲೌಗ್‌ಸನ್ ಮತ್ತು ಅವರ ಪತ್ನಿಯ ಹೆಸರು ವಿಂಟ್ರಿಸ್ ಎಂಬ ವಿದೇಶಿ ಕಂಪನಿಯ ಜೊತೆ ಸೇರಿ ಕಡತದಲ್ಲಿ ಸಿಕ್ಕಿತು. ಆ ದೇಶದ ಕಡೆಯಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದವರು ಯೋಹಾನ್ನೆಸ್ ಕ್ರಿಸ್ಟ್ಯಾನ್ಸನ್. ಹೆಚ್ಚುಕಮ್ಮಿ ಒಬ್ಬರೇ. ಅಷ್ಟು ಸಣ್ಣ ದೇಶದಲ್ಲಿ ಅವರು ಪ್ರಧಾನಿಯ ಸಂದರ್ಶನ ಕೇಳಿದರೆ ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ಸ್ವೀಡನ್ನಿನ ಸಾರ್ವಜನಿಕ ಟಿವಿಯವರು ಸಂದರ್ಶನ ಕೇಳಿದರು. ಮೊದಲು ಸಾಧಾರಣ ಪ್ರಶ್ನೆಗಳು. ಆಮೇಲೆ ವಿಂಟ್ರಿಸ್ ಹೆಸರು ಎತ್ತಿದರು. ಆ ಹೊತ್ತಿಗೆ ಯೋಹಾನ್ನೆಸ್ ಬಂದು ಕೂತರು. ಪ್ರಧಾನಿ ಎದ್ದು ಹೋದರು. ಏಪ್ರಿಲ್ 3ಕ್ಕೆ ಅದು ಪ್ರಸಾರ ಆಯಿತು. ಸಾವಿರಾರು ಜನ ಸಂಸತ್ತಿನ ಎದುರು ಸೇರಿದರು. ಎರಡು ದಿನದಲ್ಲಿ ರಾಜೀನಾಮೆ ಮಾತು ಬಂತು. ತಾವು ಕಾನೂನು ಮುರಿದಿಲ್ಲ ಅಂತ ಅವರು ಹೇಳುತ್ತಲೇ ಇದ್ದರು.

ಹೊರಗಿನವನು ಬಾಗಿಲು ತೆಗೆಸಿದ, ಒಳಗಿನವನು ಪ್ರಶ್ನೆ ಕೇಳಿದ. ಒಬ್ಬರೇ ಆಗಿದ್ದರೆ ಎರಡೂ ಆಗುತ್ತಿರಲಿಲ್ಲ.

---

ಅನುಮಾನಪ್ಪ

ಎಲ್ಲಾ ಸರಿ. ನನ್ನದು ಒಂದೇ ಪ್ರಶ್ನೆ. ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ? ಒಂದು ವರ್ಷ ಒಂದೇ ಸುದ್ದಿ ಬರೆಯುವವನಿಗೆ ಸಂಬಳ ಎಲ್ಲಿಂದ ಬರುತ್ತೆ?

---

ಕೆರೆದಂಡೆ

ಅನುಮಾನಪ್ಪನವರೇ, ಆ ಪ್ರಶ್ನೆಗೆ ಬರೋಣ, ಬಿಡುವುದಿಲ್ಲ. ಮೊದಲು ಕೆಲಸ ಏನು ಅನ್ನೋದು ಮುಗಿಯಲಿ.

---

ವಕೀಲಮ್ಮ

ನನಗೆ ಹೊಳೆಯುವ ಕಾರಣ ಇನ್ನೊಂದಿದೆ. ಸುದ್ದಿ ಒಬ್ಬರ ಹತ್ತಿರ ಇದ್ದರೆ ಆ ಒಬ್ಬರನ್ನು ಮುಗಿಸಿದರೆ ಸಾಕು. ಇದು ಮಾತಿಗೆ ಹೇಳುತ್ತಿಲ್ಲ.

2017ರ ಅಕ್ಟೋಬರ್ 16. ಮಾಲ್ಟಾದ ಬಿಡ್ನಿಯಾ ಊರಿನಲ್ಲಿ ಡಾಫ್ನೆ ಕರುವಾನಾ ಗಲಿಜಿಯಾ ಮನೆಯಿಂದ ಹೊರಟ ಕಾರು ಬಾಂಬಿಗೆ ಸಿಡಿಯಿತು. ಅವರು ತಮ್ಮದೇ ಬ್ಲಾಗಿನಲ್ಲಿ ಒಬ್ಬರೇ ಬರೆಯುತ್ತಿದ್ದರು. ಸಾಯುವ ಹೊತ್ತಿಗೆ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ದಾವೆಗಳಿದ್ದವು. ಕೆಲವು ದಾವೆಗಳು ಅವರು ಸತ್ತ ಮೇಲೂ ಮನೆಯವರ ಮೇಲೆ ಮುಂದುವರಿದವು. ಇದನ್ನು ಓದಿದಾಗ ವಕೀಲಿ ವೃತ್ತಿಯವಳಾಗಿ ನನಗೆ ನಾಚಿಕೆಯಾಯಿತು.

ಆಮೇಲೆ ಪ್ಯಾರಿಸ್ಸಿನ ಫಾರ್ಬಿಡನ್ ಸ್ಟೋರೀಸ್ ಮುಂದೆ ಬಂತು. ಲೊರಾಂ ರಿಷಾರ್ ಕಟ್ಟಿದ ಸಂಸ್ಥೆ. ಕೊಂದ ಅಥವಾ ಜೈಲಿಗೆ ಹಾಕಿದ ಪತ್ರಕರ್ತರ ಕೆಲಸವನ್ನು ಬೇರೆಯವರು ಮುಂದುವರಿಸುವುದೇ ಅದರ ಉದ್ದೇಶ. 15 ದೇಶಗಳ 18 ಮಾಧ್ಯಮಗಳಿಂದ 45 ಪತ್ರಕರ್ತರು ಸೇರಿ 2018ರ ಏಪ್ರಿಲ್‌ನಿಂದ ಡಾಫ್ನೆ ಬಿಟ್ಟುಹೋದ ಎಳೆಗಳನ್ನು ಹಿಡಿದು ಬರೆಯಲು ಶುರು ಮಾಡಿದರು.

ಒಂದು ಎಳೆ ನೋಡಿ. ದುಬೈಯಲ್ಲಿದ್ದ '17 ಬ್ಲ್ಯಾಕ್' ಎಂಬ ಕಂಪನಿಯ ಹೆಸರನ್ನು ಡಾಫ್ನೆ 2017ರಲ್ಲೇ ಬರೆದಿದ್ದರು. ಅದು ಯಾರದು ಅನ್ನೋದು ಜನರಿಗೆ ಗೊತ್ತಿರಲಿಲ್ಲ. 2018ರ ನವೆಂಬರ್‌ನಲ್ಲಿ ರಾಯಿಟರ್ಸ್ ಮತ್ತು ಟೈಮ್ಸ್ ಆಫ್ ಮಾಲ್ಟಾ ಅದರ ಮಾಲೀಕರ ಹೆಸರು ಹೊರಗೆ ತಂದವು. ಯೋರ್ಗೆನ್ ಫೆನೆಕ್, ಮಾಲ್ಟಾದ ದೊಡ್ಡ ಉದ್ಯಮಿ. ಮುಂದಿನ ವರ್ಷ ನವೆಂಬರ್‌ನಲ್ಲಿ ಅವರು ತಮ್ಮ ವಿಹಾರನೌಕೆಯಲ್ಲಿ ಹೊರಟಾಗ ಪೊಲೀಸರು ಹಿಡಿದರು. ಕೊಲೆಯಲ್ಲಿ ಕೈವಾಡದ ಆರೋಪವನ್ನು ಅವರು ನಿರಾಕರಿಸಿದ್ದಾರೆ. ಬೀದಿಯಲ್ಲಿ ಪ್ರತಿಭಟನೆ ಜಾಸ್ತಿಯಾಗಿ ಪ್ರಧಾನಿ ಜೋಸೆಫ್ ಮಸ್ಕಟ್ 2020ರ ಜನವರಿಯಲ್ಲಿ ಇಳಿದರು. ಬಾಂಬ್ ಇಟ್ಟ ಅಣ್ಣತಮ್ಮ ಇಬ್ಬರು 2022ರಲ್ಲಿ ತಪ್ಪೊಪ್ಪಿಕೊಂಡರು. ತಲಾ 40 ವರ್ಷ ಜೈಲು.

---

ಮಳೆಬಿಲ್ಲು

ಮೇಡಂ, ದಿನಾಂಕ ನೋಡಿದಿರಾ? ಗೌರಿ ಲಂಕೇಶ್ ಹತ್ಯೆ 2017ರ ಸೆಪ್ಟೆಂಬರ್ 5. ಡಾಫ್ನೆ ಅಕ್ಟೋಬರ್ 16. ನಡುವೆ 41 ದಿನ.

---

ವಕೀಲಮ್ಮ

ನೋಡಿದ್ದೇನೆ. ಅದೇ ಫಾರ್ಬಿಡನ್ ಸ್ಟೋರೀಸ್ 2023ರ ಫೆಬ್ರುವರಿಯಲ್ಲಿ 'ಸ್ಟೋರಿ ಕಿಲ್ಲರ್ಸ್' ಅಂತ ಒಂದು ತನಿಖೆ ಹೊರತಂದಿತು. ಅದರ ಆರಂಭ ಗೌರಿ ಅವರೇ. ಸುಳ್ಳು ಸುದ್ದಿಯ ಬಗ್ಗೆ ಅವರು ಬರೆದ ಕೊನೆಯ ಸಂಪಾದಕೀಯ ಹತ್ಯೆಯ ನಂತರ ಅಚ್ಚಾಯಿತಲ್ಲ, ಅದನ್ನೇ ಎಳೆಯಾಗಿ ಇಟ್ಟುಕೊಂಡು ಸುಳ್ಳು ಹರಡುವುದನ್ನೇ ಕಸುಬು ಮಾಡಿಕೊಂಡವರ ಹಿಂದೆ ಹೋದರು. 30 ಮಾಧ್ಯಮ, 100 ಪತ್ರಕರ್ತರು.

ಅದರಲ್ಲಿ ದೊಡ್ಡ ಸದ್ದು ಮಾಡಿದ್ದು ಇಸ್ರೇಲಿನ 'ಟೀಮ್ ಹೊರ್ಹೆ'. ಫ್ರಾನ್ಸಿನ ರೇಡಿಯೊದ ಒಬ್ಬರು, ಇಸ್ರೇಲಿನ ಇಬ್ಬರು ಪತ್ರಕರ್ತರು ಗಿರಾಕಿಗಳ ವೇಷದಲ್ಲಿ ಹೋದರು. ನಾವು 33 ಅಧ್ಯಕ್ಷೀಯ ಮಟ್ಟದ ಚುನಾವಣೆಗಳಲ್ಲಿ ಕೈಯಾಡಿಸಿದ್ದೇವೆ ಅಂತ ಆ ತಂಡ ಇವರ ಎದುರು ಕೊಚ್ಚಿಕೊಂಡಿತು. ಎಷ್ಟು ನಿಜವೋ ಎಷ್ಟು ಜಾಹೀರಾತೋ. ಬಸವನಗುಡಿಯ ಸಣ್ಣ ವಾರಪತ್ರಿಕೆಯ ಒಂದು ಕನ್ನಡ ಸಂಪಾದಕೀಯದಿಂದ ಎಲ್ಲಿಗೆ ಹೋಯಿತು ನೋಡಿ.

---

ಹಿಂಬಾಗಿಲ ವರದಿಗಾರ

ನಾನು ಉತ್ತರ ಕರ್ನಾಟಕದ ಜಿಲ್ಲಾ ವರದಿಗಾರ. ಇದನ್ನೆಲ್ಲ ಓದಲು ಚೆಂದ. ಆದರೆ ನನಗೆ ಒಂದು ಕಂಪನಿಯ ವಕೀಲರಿಂದ ನೋಟಿಸ್ ಬಂದಾಗ ನನ್ನ ಜೊತೆ ನಿಂತವರು ಯಾರೂ ಇರಲಿಲ್ಲ. ಪತ್ರಿಕೆಯವರೇ ಸುದ್ದಿ ಇಳಿಸಿಬಿಟ್ಟರು. ಯುರೋಪಿನಲ್ಲಿ ಇಂಥ ನೋಟಿಸಿಗೆ ಏನು ಮಾಡ್ತಾರೆ?

---

ವಕೀಲಮ್ಮ

ಅಣ್ಣಾ, ಅಲ್ಲೂ ಪರಿಸ್ಥಿತಿ ತುಂಬಾ ಚೆನ್ನಾಗಿಲ್ಲ. ಗೆಲ್ಲಲು ಅಲ್ಲ, ಸುಸ್ತು ಮಾಡಲು ಹೂಡುವ ದಾವೆಗೆ ಅಲ್ಲಿ ಸ್ಲ್ಯಾಪ್ ಅನ್ನುತ್ತಾರೆ. 2024ರಲ್ಲಿ ಐರೋಪ್ಯ ಒಕ್ಕೂಟ ಇದರ ವಿರುದ್ಧ ಒಂದು ನಿರ್ದೇಶನ ಪಾಸು ಮಾಡಿತು. ಜನ ಅದನ್ನು 'ಡಾಫ್ನೆ ಕಾನೂನು' ಅಂತಲೇ ಕರೆಯುತ್ತಾರೆ. ಹುರುಳಿಲ್ಲದ ದಾವೆಯನ್ನು ಶುರುವಿನಲ್ಲೇ ವಜಾ ಮಾಡಬಹುದು. ದಾವೆ ಹೂಡಿದವನಿಂದ ಖರ್ಚಿನ ಭದ್ರತೆ ಕೇಳಬಹುದು. ದಂಡವನ್ನೂ ಹಾಕಬಹುದು. ಸದಸ್ಯ ದೇಶಗಳು ತಮ್ಮ ಕಾನೂನಿನಲ್ಲಿ ಸೇರಿಸಿಕೊಳ್ಳಲು ಕೊಟ್ಟ ಗಡುವು 2026ರ ಮೇ 7.

ಆದರೆ ಒಂದು ತೂತು ಇದೆ. ಅದು ಸಿವಿಲ್ ದಾವೆಗೆ ಮಾತ್ರ. ಅದರಲ್ಲೂ ಗಡಿ ದಾಟಿದ ವ್ಯವಹಾರ ಆಗಿರಬೇಕು. ಎರಡೂ ಕಡೆಯವರು ಒಂದೇ ದೇಶದವರು, ಕೋರ್ಟೂ ಅಲ್ಲಿಯದೇ, ಉಳಿದ ಸಂಗತಿಗಳೂ ಅಲ್ಲಿಯವೇ ಅಂದರೆ ಅನ್ವಯ ಆಗುವುದಿಲ್ಲ. ಡಾಫ್ನೆ ಮೇಲಿದ್ದ ದಾವೆಗಳಲ್ಲಿ ಹೆಚ್ಚಿನವು ಮಾಲ್ಟಾದವರು ಮಾಲ್ಟಾದಲ್ಲೇ ಹಾಕಿದ್ದವು. ಅವರ ಹೆಸರಿನ ಕಾನೂನು ಅವರಿಗೇ ಎಷ್ಟು ಒದಗುತ್ತಿತ್ತೋ!

ನಮ್ಮಲ್ಲಂತೂ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಒಂದೇ ಕಡೆಯ ವಾದ ಕೇಳಿ ತಡೆಯಾಜ್ಞೆ ತರುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಬರುತ್ತೇನೆ.

---

ಬ್ರಸೆಲ್ಸ್‌ಬಸವ

ಸ್ಲೊವಾಕಿಯಾದ ಕಥೆ ಯಾರೂ ಎತ್ತಲಿಲ್ಲವಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ಹೃದಯ ಅದು.

ಯಾನ್ ಕುಟ್ಸಿಯಾಕ್. 27 ವರ್ಷ. ಆಕ್ಟುವಾಲಿಟಿ ಎಂಬ ಸುದ್ದಿತಾಣದ ವರದಿಗಾರ. ಇಟಲಿಯ ಎನ್‌ಡ್ರಾಂಗೆಟಾ ಮಾಫಿಯಾಕ್ಕೆ ನಂಟಿದ್ದವರು ಪೂರ್ವ ಸ್ಲೊವಾಕಿಯಾದಲ್ಲಿ ಜಮೀನು ಹಿಡಿದು ಐರೋಪ್ಯ ಕೃಷಿ ಸಬ್ಸಿಡಿ ನುಂಗುತ್ತಿದ್ದಾರೆ, ಅವರ ಸಂಪರ್ಕ ಪ್ರಧಾನಿ ಕಚೇರಿಯ ತನಕ ಇದೆ ಅನ್ನೋದು ಅವನು ಬರೆಯುತ್ತಿದ್ದ ಸುದ್ದಿ. ಒಬ್ಬನೇ ಅಲ್ಲ. ಪ್ರಾಗ್‌ನ ಪತ್ರಕರ್ತೆ ಪಾವ್ಲಾ ಹೋಲ್ಟ್ಸೋವಾ, ಇಟಲಿಯ ತನಿಖಾ ಪತ್ರಕರ್ತರ ಐಆರ್‌ಪಿಐ ತಂಡ, ಸಂಘಟಿತ ಅಪರಾಧ ಮತ್ತು ಭ್ರಷ್ಟಾಚಾರದ ಬಗ್ಗೆ ಬರೆಯುವ ಪತ್ರಕರ್ತರ ಒಸಿಸಿಆರ್‌ಪಿ ಎಂಬ ಜಾಲ, ಎಲ್ಲರೂ ಜೊತೆಗಿದ್ದರು. 2018ರ ಫೆಬ್ರುವರಿ 21ರಂದು ವೆಲ್ಕಾ ಮಾಚಾ ಎಂಬ ಹಳ್ಳಿಯ ಮನೆಯಲ್ಲಿ ಅವನನ್ನೂ, ಮದುವೆಯಾಗಬೇಕಿದ್ದ ಮಾರ್ಟಿನಾ ಕುಶ್ನಿರೋವಾಳನ್ನೂ ಗುಂಡಿಟ್ಟು ಕೊಂದರು. ಅವಳಿಗೂ 27.

ಕೊಂದವರು ಸುದ್ದಿ ನಿಂತಿತು ಅಂದುಕೊಂಡಿರಬೇಕು. ಒಂದು ವಾರದಲ್ಲಿ ಅವನ ಅರ್ಧ ಬರೆದ ಲೇಖನ ಹಲವು ದೇಶಗಳಲ್ಲಿ ಒಟ್ಟಿಗೆ ಪ್ರಕಟವಾಯಿತು. ಬರೆದಿಟ್ಟ ಪ್ರತಿ ಜೊತೆಗಾರರ ಹತ್ತಿರ ಇತ್ತು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ಆ ದೇಶ ಕಂಡ ಅತಿ ದೊಡ್ಡ ಮೆರವಣಿಗೆಗಳು ನಡೆದವು. ಮಾರ್ಚ್‌ನಲ್ಲಿ ಪ್ರಧಾನಿ ರಾಬರ್ಟ್ ಫಿಟ್ಸೊ ರಾಜೀನಾಮೆ ಕೊಟ್ಟರು.

ಆಮೇಲೆ ಇನ್ನೂ ದೊಡ್ಡದು ಆಯಿತು. ಪೊಲೀಸರ ತನಿಖೆಯ ಕಡತಗಳ ಒಂದು ಪ್ರತಿ, ಸುಮಾರು 70 ಟೆರಾಬೈಟ್, ಪತ್ರಕರ್ತರ ಕೈ ಸೇರಿತು. ಕೊಲೆಗೆ ಸುಪಾರಿ ಕೊಟ್ಟ ಆರೋಪ ಇದ್ದ ಉದ್ಯಮಿ ಮರಿಯಾನ್ ಕೊಚ್ನರ್‌ನ ಫೋನಿನ ಸಂದೇಶಗಳೂ ಅದರಲ್ಲಿದ್ದವು. ಇದನ್ನೂ ಅವರು ಒಂದೇ ಸಂಸ್ಥೆಗೆ ಇಟ್ಟುಕೊಳ್ಳಲಿಲ್ಲ. ಭದ್ರವಾದ ಕೋಣೆ ಮಾಡಿ, ಸ್ಲೊವಾಕಿಯಾದ ಬೇರೆ ಬೇರೆ ಪತ್ರಿಕೆಗಳವರು ಬಂದು ಓದಲು ಬಿಟ್ಟರು. 'ಕೊಚ್ನರ್ ಲೈಬ್ರರಿ' ಅಂತ ಹೆಸರು. ದಿನವೂ ಒಬ್ಬರ ಸುದ್ದಿ ಇನ್ನೊಬ್ಬರು ಕದಿಯುವ ಪೇಟೆಯಲ್ಲಿ ಇದು ನಡೆಯಿತು ಅನ್ನೋದೇ ಸೋಜಿಗ.

---

ಅನುಮಾನಪ್ಪ

ಮುಂದಿನದನ್ನೂ ಹೇಳಿ ಬಸವಣ್ಣ. ಫಿಟ್ಸೊ 2023ರಲ್ಲಿ ಮತ್ತೆ ಗೆದ್ದು ಪ್ರಧಾನಿ ಆದರು. ಐಸ್‌ಲ್ಯಾಂಡಿನ ಆ ಪ್ರಧಾನಿಯೂ ಬೇರೆ ಪಕ್ಷ ಕಟ್ಟಿ ಸಂಸತ್ತಿಗೆ ವಾಪಸ್ ಬಂದರು. ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಆದದ್ದು ಏನು?

---

ಬ್ರಸೆಲ್ಸ್‌ಬಸವ

ನಿಜ, ಅದು ನನಗೂ ಕಸಿವಿಸಿ. ಆದರೆ ಮತ ಹಾಕುವುದು ಜನ, ಪತ್ರಕರ್ತರಲ್ಲ. ಇವರ ಕೆಲಸ ಗೊತ್ತಾಗುವಂತೆ ಮಾಡುವುದು. ಗೊತ್ತಿದ್ದೂ ಜನ ಅವರನ್ನೇ ಆರಿಸಿದರೆ ಸುದ್ದಿಯ ಮೇಲೆ ಯಾಕೆ ಸಿಟ್ಟು?

---

ಡೇಟಾರಂಗ

ಫಲಿತಾಂಶ ಅಂದರೆ ಬರೀ ರಾಜೀನಾಮೆ ಅಲ್ಲ ಅನುಮಾನಪ್ಪನವರೇ. ಕಮ್-ಎಕ್ಸ್ ಎಂಬ ತೆರಿಗೆ ವಂಚನೆ ನೋಡಿ.

ಷೇರಿಗೆ ಲಾಭಾಂಶ ಬರುವ ದಿನದ ಹಿಂದೆ ಮುಂದೆ ಬೇಗ ಬೇಗ ಕೈ ಬದಲಾಯಿಸುವುದು. ಆ ಗಡಿಬಿಡಿಯಲ್ಲಿ ಮಾಲೀಕ ಯಾರು ಅನ್ನೋದು ಗೊಂದಲ ಆಗುತ್ತದೆ. ಒಮ್ಮೆ ಕಟ್ಟಿದ ತೆರಿಗೆಗೆ ಎರಡು ಸಲ ಮರುಪಾವತಿ ಕೇಳುತ್ತಾರೆ. ಒಂದೇ ಬಸ್ ಟಿಕೆಟ್ ತೋರಿಸಿ ಇಬ್ಬರು ಪ್ರಯಾಣಭತ್ಯೆ ವಸೂಲಿ ಮಾಡಿದ ಹಾಗೆ. ಜರ್ಮನಿ 2012ರಲ್ಲಿ ಈ ಬಾಗಿಲು ಮುಚ್ಚಿತು. ಆಟಗಾರರು ಸುಮ್ನೆ ಕೂರಲಿಲ್ಲ, ಪಕ್ಕದ ಡೆನ್ಮಾರ್ಕ್‌ಗೆ ಹೋದರು. ಅಲ್ಲಿ 2012ರಿಂದ 2015ರ ನಡುವೆ ಸರ್ಕಾರಕ್ಕೆ ಸುಮಾರು 1,270 ಕೋಟಿ ಕ್ರೋನರ್ ಹೊಡೆತ. ಮುಖ್ಯ ಆರೋಪಿ ಸಂಜಯ್ ಶಾ, ಭಾರತೀಯ ಮೂಲದ ಬ್ರಿಟಿಷ್ ಪ್ರಜೆ. ದುಬೈಯಿಂದ ಹಿಡಿದು ತಂದರು. 2024ರ ಡಿಸೆಂಬರ್‌ನಲ್ಲಿ 12 ವರ್ಷ ಜೈಲು ಶಿಕ್ಷೆ ಆಯಿತು.

ಒಂದೊಂದು ದೇಶದ ಪತ್ರಿಕೆಯೂ ತನ್ನ ದೇಶದ ತುಂಡನ್ನು ಮಾತ್ರ ನೋಡುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಜರ್ಮನಿಯ ಕರೆಕ್ಟಿವ್ ಸಂಸ್ಥೆ 12 ದೇಶಗಳ 19 ಮಾಧ್ಯಮಗಳನ್ನು ಸೇರಿಸಿ ಇಡೀ ನಕ್ಷೆ ಬಿಡಿಸಿತು. ಒಟ್ಟು ನಷ್ಟ ಕನಿಷ್ಠ 5,500 ಕೋಟಿ ಯೂರೊ ಅಂತ ಅಂದಾಜು. 2021ರಲ್ಲಿ ಇಂಥದ್ದೇ ಬೇರೆ ವ್ಯಾಪಾರಗಳನ್ನೂ ಸೇರಿಸಿ, ಇನ್ನಷ್ಟು ದೇಶಗಳ ಲೆಕ್ಕ ಹಾಕಿದಾಗ ಅದು 15,000 ಕೋಟಿ ಯೂರೊ ಆಯಿತು. ವ್ಯಾಪಾರಿಗಳು ಗಡಿ ದಾಟುತ್ತಾರೆ, ತೆರಿಗೆ ಅಧಿಕಾರಿ ದಾಟುವುದಿಲ್ಲ. ಆ ಸಂದಿಯಲ್ಲಿ ಇವರು ಕೆಲಸ ಮಾಡಿದ್ದು.

ಇದಕ್ಕೆ ಸಿಕ್ಕ ಬಹುಮಾನ? ಕರೆಕ್ಟಿವ್‌ನ ಮುಖ್ಯ ಸಂಪಾದಕ ಒಲಿವರ್ ಶ್ರೋಮ್ ಮೇಲೆ ಸ್ವಿಟ್ಜರ್‌ಲ್ಯಾಂಡಿನ ಕೋರಿಕೆಯಂತೆ ಹ್ಯಾಂಬರ್ಗ್‌ನಲ್ಲಿ ತನಿಖೆ. ವ್ಯಾಪಾರದ ಗುಟ್ಟು ಬಿಟ್ಟುಕೊಡಲು ಪ್ರಚೋದಿಸಿದರಂತೆ. ಆಮೇಲೆ ಅದನ್ನು ಕೈಬಿಟ್ಟರು ಬಿಡಿ.

---

ಬ್ರಸೆಲ್ಸ್‌ಬಸವ

ಸ್ವಿಸ್ ಕಾನೂನು ಇನ್ನೊಂದು ಕಥೆ. ಅಲ್ಲಿನ ಬ್ಯಾಂಕಿಂಗ್ ಕಾಯ್ದೆಯ 47ನೇ ವಿಧಿಯ ಪ್ರಕಾರ ಗ್ರಾಹಕರ ಬ್ಯಾಂಕ್ ಮಾಹಿತಿ ಪ್ರಕಟಿಸಿದ ಪತ್ರಕರ್ತನೂ ಜೈಲಿಗೆ ಹೋಗಬಹುದು. 2022ರಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕಿನ 18,000ಕ್ಕೂ ಹೆಚ್ಚು ಖಾತೆಗಳ ಮಾಹಿತಿ ಹೊರಬಂತು. 48 ಮಾಧ್ಯಮಗಳು ಸೇರಿದ್ದವು. ಸ್ವಿಟ್ಜರ್‌ಲ್ಯಾಂಡಿನದು ಒಂದೂ ಇಲ್ಲ! ಅಲ್ಲಿನ ಟಾಮೀಡಿಯಾ ಎಂಬ ಪತ್ರಿಕಾ ಸಂಸ್ಥೆ ಕಾನೂನು ಸಲಹೆ ಕೇಳಿ ಹಿಂದೆ ಸರಿಯಿತು. ತಮ್ಮದೇ ದೇಶದ ಬ್ಯಾಂಕಿನ ಸುದ್ದಿಯನ್ನು ಸ್ವಿಸ್ ಜನ ಹೊರದೇಶದ ಪತ್ರಿಕೆಗಳಿಂದ ತಿಳಿದುಕೊಳ್ಳಬೇಕಾಯಿತು.

---

ಕರಾವಳಿಗಾಳಿ

ಎಲ್ಲಾ ಬ್ಯಾಂಕು, ತೆರಿಗೆ, ಕೊಲೆ. ಜನರ ದಿನನಿತ್ಯದ ವಿಷಯಕ್ಕೆ ಯಾರೂ ಹೀಗೆ ಸೇರುವುದಿಲ್ಲವಾ? ಯಾರೋ ಕದ್ದು ಕಳಿಸಿದ ಕಡತ ಇಲ್ಲದೇ ಇಂಥ ಕೆಲಸ ಆಗುವುದಿಲ್ಲವಾ?

---

ಡೇಟಾರಂಗ

ಆಗುತ್ತೆ ಅಕ್ಕ. ನನಗೆ ಹೆಚ್ಚು ಇಷ್ಟವಾದದ್ದು ಅಂಥದ್ದೇ.

ಪಿಎಫ್‌ಎಎಸ್ ಅಂತ ರಾಸಾಯನಿಕಗಳ ದೊಡ್ಡ ಕುಟುಂಬ ಇದೆ. ಅಂಟದ ತವಾ, ನೀರು ಹಿಡಿಯದ ಬಟ್ಟೆ, ಬೆಂಕಿ ನಂದಿಸುವ ನೊರೆ, ಎಲ್ಲದರಲ್ಲೂ ಬಳಕೆ. ಮಣ್ಣಿಗೆ, ನೀರಿಗೆ ಸೇರಿದರೆ ಹೋಗುವುದೇ ಇಲ್ಲ. ಯುರೋಪಿನಲ್ಲಿ ಇದು ಎಲ್ಲೆಲ್ಲಿ ಇದೆ ಅನ್ನೋ ನಕ್ಷೆ ಯಾವ ಸರ್ಕಾರದ ಹತ್ತಿರವೂ ಇರಲಿಲ್ಲ. ಲ ಮೊಂದ್ ಪತ್ರಿಕೆಯ ಸ್ಟೆಫಾನ್ ಒರೆಲ್ ಮತ್ತು ಹಲವು ದೇಶಗಳ ಪತ್ರಕರ್ತರು ಸೇರಿ ಆ ನಕ್ಷೆಯನ್ನು ತಾವೇ ಮಾಡಿದರು. ಯಾವ ಗುಟ್ಟಿನ ಕಡತವೂ ಇಲ್ಲ. ಅಲ್ಲಲ್ಲಿ ಚದುರಿ ಬಿದ್ದಿದ್ದ ನೀರಿನ ಪರೀಕ್ಷೆ, ವಿಜ್ಞಾನಿಗಳ ಅಳತೆ, ಮಾಹಿತಿ ಹಕ್ಕಿನ ಅರ್ಜಿ. ವಿಧಾನ ಸರಿ ಇದೆಯೇ ಅಂತ ವಿಜ್ಞಾನಿಗಳಿಂದಲೇ ನೋಡಿಸಿದರು. 2023ರ ಫೆಬ್ರುವರಿಯಲ್ಲಿ ಬಂತು. ಮಾಲಿನ್ಯ ಖಚಿತವಾದ ಜಾಗ 17,000ಕ್ಕೂ ಹೆಚ್ಚು. ಅದರಲ್ಲಿ 2,100 ಕಡೆ ಪ್ರಮಾಣ ತೀರಾ ಜಾಸ್ತಿ. 2025ರ ಜನವರಿಯಲ್ಲಿ ಇದರ ಎರಡನೇ ಕಂತು ಬಂತು, 16 ದೇಶಗಳ 46 ಪತ್ರಕರ್ತರು. ಸ್ವಚ್ಛ ಮಾಡುವ ಖರ್ಚು ವರ್ಷಕ್ಕೆ 10,000 ಕೋಟಿ ಯೂರೊ ತನಕ ಹೋಗಬಹುದು ಅಂತ ಲೆಕ್ಕ.

ನಮಗೂ ಇದರ ಒಂದು ತುದಿ ತಾಗುತ್ತದೆ. ಇಟಲಿಯ ವೆನೆಟೊದಲ್ಲಿ ಮಿತೇನಿ ಅಂತ ಕಾರ್ಖಾನೆ ಇತ್ತು. ಸುತ್ತಲಿನ ಅಂತರ್ಜಲ ಕೆಟ್ಟಿತು. 2018ರಲ್ಲಿ ದಿವಾಳಿ. 2025ರ ಜೂನ್‌ನಲ್ಲಿ ಹಳೆಯ ಅಧಿಕಾರಿಗಳಲ್ಲಿ 11 ಜನರಿಗೆ ಶಿಕ್ಷೆಯೂ ಆಯಿತು. ಕಾರ್ಖಾನೆಯ ಯಂತ್ರೋಪಕರಣ ಮತ್ತು ತಂತ್ರಜ್ಞಾನವನ್ನು ಭಾರತದ ಒಂದು ರಾಸಾಯನಿಕ ಸಮೂಹ ಕೊಂಡುಕೊಂಡಿತು. ಬಿಚ್ಚಿ ತಂದು ಜೋಡಿಸಿದ್ದು ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ್‌ನಲ್ಲಿ.

---

ಕರಾವಳಿಗಾಳಿ

ರತ್ನಾಗಿರಿ ಅಂದರೆ ನಮ್ಮ ಕೊಂಕಣದ ಸಾಲು! ಇದನ್ನು ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

---

ಅನುಮಾನಪ್ಪ

ದುಡ್ಡು, ದುಡ್ಡು. ನನ್ನ ಪ್ರಶ್ನೆ ಮರೆತು ಹೋಯ್ತಾ?

---

ಕೆರೆದಂಡೆ

ಈಗ ಬಂದೆ. ಮೂಲಗಳು ಹಲವು. ದೊಡ್ಡ ಪತ್ರಿಕೆಗಳು ತಮ್ಮ ವರದಿಗಾರರ ಸಂಬಳ ತಾವೇ ಕೊಡುತ್ತವೆ. ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಕಷ್ಟ. ಅವರಿಗೆ ಬ್ರಸೆಲ್ಸ್‌ನ ಜರ್ನಲಿಸಂಫಂಡ್ ಇದೆ. 2018ರಿಂದ ಐಜೆಫೋರ್‌ಇಯು ಅಂತ ಇನ್ನೊಂದು ನಿಧಿ ಇದೆ. ಇದಕ್ಕೆ ಐರೋಪ್ಯ ಆಯೋಗದ ಹಣ ಬರುತ್ತದೆ. ಆದರೆ ಯಾರಿಗೆ ಕೊಡಬೇಕು ಅಂತ ಆರಿಸುವುದು ಹೊರಗಿನ ತೀರ್ಪುಗಾರರು. ಕನಿಷ್ಠ ಎರಡು ದೇಶದವರು ಸೇರಿ ಅರ್ಜಿ ಹಾಕಬೇಕು ಅನ್ನೋದು ಇಂಥ ನಿಧಿಗಳ ಷರತ್ತು. ಜೊತೆಗಾರರು ಸಿಗುವ ಜಾಗವೂ ಇದೆ: ಬೆಲ್ಜಿಯಂನ ಮೆಕಲನ್ ಊರಿನಲ್ಲಿ ನಡೆಯುವ ಡೇಟಾಹಾರ್ವೆಸ್ಟ್ ಸಮ್ಮೇಳನ.

ಇದರ ಬೇರು ಹಳೆಯದು. 2005ರಲ್ಲೇ ಬ್ರಿಗಿಟ್ಟೆ ಆಲ್ಫ್‌ಟರ್, ನಿಲ್ಸ್ ಮುಲ್ವಾಡ್, ಜ್ಯಾಕ್ ಥರ್ಸ್ಟನ್ ಮೂವರು ಸೇರಿ ಫಾರ್ಮ್‌ಸಬ್ಸಿಡಿ ಅಂತ ಶುರು ಮಾಡಿದರು. ಐರೋಪ್ಯ ಕೃಷಿ ಸಬ್ಸಿಡಿ ಯಾರ ಜೇಬಿಗೆ ಹೋಗುತ್ತದೆ ಅಂತ ಒಂದೊಂದು ದೇಶದಲ್ಲೂ ಮಾಹಿತಿ ಕೇಳುವುದು. ಬಡ ರೈತನ ಹೆಸರಿನ ಹಣ ದೊಡ್ಡ ಕಂಪನಿಗಳಿಗೆ, ಇಂಗ್ಲೆಂಡಿನ ರಾಣಿಯ ಎಸ್ಟೇಟಿಗೆ ಎಲ್ಲಾ ಹೋಗುತ್ತಿತ್ತು! 2009ರ ಹೊತ್ತಿಗೆ ಎಲ್ಲ ಸದಸ್ಯ ದೇಶಗಳೂ ಪಟ್ಟಿ ಪ್ರಕಟಿಸಬೇಕಾಯಿತು. ಮರುವರ್ಷವೇ ಐರೋಪ್ಯ ನ್ಯಾಯಾಲಯ ಖಾಸಗಿತನದ ಕಾರಣ ಕೊಟ್ಟು ವ್ಯಕ್ತಿಗಳ ಹೆಸರಿಗೆ ತಡೆ ಹಾಕಿತು. ಹೀಗೆ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ.

---

ಅನುಮಾನಪ್ಪ

ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಒಸಿಸಿಆರ್‌ಪಿ. ನೀವೆಲ್ಲ ಹೊಗಳಿದ ಜಾಲ. 2024ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಮೀಡಿಯಾಪಾರ್ಟ್ ಮತ್ತು ಕೆಲವರು ಬರೆದರು: ಈ ಸಂಸ್ಥೆಯ ಸುಮಾರು ಅರ್ಧ ಹಣ ಅಮೆರಿಕ ಸರ್ಕಾರದ್ದು, ಮುಖ್ಯ ಹುದ್ದೆಗೆ ಯಾರು ಬರಬೇಕು ಅನ್ನೋದರಲ್ಲೂ ಅಮೆರಿಕಕ್ಕೆ ಮಾತಿದೆ ಅಂತ. ಇದೇ ತನಿಖೆಯಲ್ಲಿ ಜೊತೆಗಿದ್ದ ಜರ್ಮನಿಯ ಎನ್‌ಡಿಆರ್ ವಾಹಿನಿ ಪ್ರಸಾರ ಮಾಡದೇ ಸುಮ್ಮನಾಯಿತು. ಇದಕ್ಕೆ ಸ್ವತಂತ್ರ ಪತ್ರಿಕೋದ್ಯಮ ಅಂತ ಹೇಗೆ ಹೇಳ್ತೀರಿ?

---

ಡೇಟಾರಂಗ

ಹಣ ಬಂದದ್ದು ನಿಜ. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ, ಎಷ್ಟು ಅನ್ನೋದು ದೊಡ್ಡದಾಗಿ ಹೇಳಿರಲಿಲ್ಲ ಅಷ್ಟೇ. ಏನು ಬರೆಯಬೇಕು ಅಂತ ಕೊಟ್ಟವರು ಹೇಳಲಿಲ್ಲ ಅನ್ನೋದು ಸಹಸ್ಥಾಪಕ ಡ್ರೂ ಸಲಿವನ್ ಅವರ ಉತ್ತರ. ಅಮೆರಿಕದವರ ವ್ಯವಹಾರಗಳ ಬಗ್ಗೆಯೂ ಅವರು ಬರೆದಿದ್ದಾರೆ.

---

ಕೆರೆದಂಡೆ

ಈ ವಿಷಯದಲ್ಲಿ ನಾನು ಅನುಮಾನಪ್ಪನವರ ಕಡೆ ಅರ್ಧ ವಾಲುತ್ತೇನೆ. ಬರೆಯಬೇಡಿ ಅಂತ ಯಾರೂ ಹೇಳಬೇಕಾಗಿಲ್ಲ. ಡೆಸ್ಕಿನಲ್ಲಿ ಕೂತವರಿಗೆ ಗೊತ್ತು. ಜಾಹೀರಾತು ಕೊಡುವವನ ಸುದ್ದಿ ಬಂದಾಗ ಯಾರೂ ಫೋನ್ ಮಾಡದಿದ್ದರೂ ಕೈ ತಾನಾಗಿ ಮೆತ್ತಗಾಗುತ್ತದೆ. ಇನ್ನು 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ ಒಸಿಸಿಆರ್‌ಪಿ ಹಲವರನ್ನು ಕೆಲಸದಿಂದ ತೆಗೆಯಬೇಕಾಯಿತು. ಪೂರ್ವ ಯುರೋಪಿನ ಸಣ್ಣ ಸುದ್ದಿಮನೆಗಳಿಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಒಂದೇ ಕೈಯಿಂದ ಅರ್ಧ ಊಟ ಬಂದರೆ ಅಪಾಯ ಎರಡು ಕಡೆಯಿಂದಲೂ ಇದೆ.

ಆದರೆ ಪರ್ಯಾಯ ಏನು? ಓದುಗರ ಚಂದಾದಿಂದಲೇ ನಡೆಯುವ ಮೀಡಿಯಾಪಾರ್ಟ್‌ನಂಥವು ಫ್ರಾನ್ಸಿನಲ್ಲಿ ಸಾಧ್ಯ. ಹಂಗೇರಿಯಲ್ಲಿ ಡೈರೆಕ್ಟ್36 ಕೂಡ ಓದುಗರ ದೇಣಿಗೆ ಕೇಳುತ್ತದೆ. ಅದರ ಪತ್ರಕರ್ತ ಸಾಬೊಲ್ಚ್ ಪಾನಿ ಅವರ ಫೋನಿನಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಸಿಕ್ಕಿತ್ತು ಅನ್ನೋದು ನೆನಪಿಡಿ.

---

ಮಳೆಬಿಲ್ಲು

ಪೆಗಾಸಸ್ ಪಟ್ಟಿಯಲ್ಲಿ ನಮ್ಮ ರಾಜ್ಯದ ನಂಬರುಗಳೂ ಇದ್ದವಲ್ಲ? 2019ರ ಮೈತ್ರಿ ಸರ್ಕಾರ ಬೀಳುವ ಹೊತ್ತಿನದು.

---

ವಕೀಲಮ್ಮ

ಹೌದು. 2021ರ ಜುಲೈನಲ್ಲಿ ಬಂದ ಅದೂ ಗಡಿ ದಾಟಿದ ತನಿಖೆಯೇ, 17 ಮಾಧ್ಯಮಗಳದು. ಭಾರತದಿಂದ ದಿ ವೈರ್. 2019ರಲ್ಲಿ ಉಪಮುಖ್ಯಮಂತ್ರಿ ಆಗಿದ್ದ ಜಿ. ಪರಮೇಶ್ವರ ಅವರ ನಂಬರು, ಜೊತೆಗೆ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಕಾರ್ಯದರ್ಶಿಗಳ ನಂಬರು ಇತ್ತು ಅಂತ ವರದಿ. ಆದರೆ ಪಟ್ಟಿಯಲ್ಲಿ ನಂಬರು ಇದ್ದ ಮಾತ್ರಕ್ಕೆ ಫೋನಿನೊಳಗೆ ನುಗ್ಗಿದ್ದರು ಅಂತ ಅರ್ಥ ಅಲ್ಲ. ಫೋನು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುವುದು.

---

ನಿರ್ವಾಹಕ

ರಾಜ್ಯ ರಾಜಕೀಯದ ಕಡೆ ಹೊರಳಬೇಡಿ ಎಂದು ವಿನಂತಿ. ಮೂರು ಕಾಮೆಂಟ್ ತೆಗೆದಿದ್ದೇನೆ.

---

ಹಿಂಬಾಗಿಲ ವರದಿಗಾರ

ನನಗೆ ಒಂದು ಮಾತು ಉಳಿದಿದೆ. ದಾಖಲೆ ಹಂಚಿಕೊಂಡರು, ಹೆಸರು ಹಂಚಿಕೊಂಡರು. ಅಪಾಯ ಹಂಚಿಕೊಂಡರಾ? ಹ್ಯಾಂಬರ್ಗ್‌ನಲ್ಲಿ ಬರೆದವನಿಗೆ ಬಂದದ್ದು ಕಾಗದ. ಮಾಲ್ಟಾದಲ್ಲಿ, ಸ್ಲೊವಾಕಿಯಾದಲ್ಲಿ ಹೋದದ್ದು ಜೀವ. ಊರಲ್ಲೇ ಇರುವವನ ಪಾಡು ಬೇರೆ. ಅವನ ಮನೆ ಎಲ್ಲಿ ಅಂತ ಎಲ್ಲರಿಗೂ ಗೊತ್ತು.

---

ಬ್ರಸೆಲ್ಸ್‌ಬಸವ

ಇದಕ್ಕೆ ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ ಅಣ್ಣ. ಕೆಲವು ಕಡೆ ಅತಿ ಅಪಾಯದ ಸುದ್ದಿಗೆ ಸ್ಥಳೀಯರ ಹೆಸರು ಹಾಕುವುದಿಲ್ಲ, ಹೊರದೇಶದ ಪತ್ರಿಕೆ ಮೊದಲು ಪ್ರಕಟಿಸುತ್ತದೆ. ಆಗ ಸ್ಥಳೀಯರು 'ಹೊರಗೆ ಹೀಗೆ ಬಂದಿದೆ' ಅಂತ ಬರೆಯಬಹುದು. ಫಾರ್ಬಿಡನ್ ಸ್ಟೋರೀಸ್‌ನವರು ಸೇಫ್‌ಬಾಕ್ಸ್ ಅಂತ ಇಟ್ಟಿದ್ದಾರೆ. ಬೆದರಿಕೆ ಇರುವ ಪತ್ರಕರ್ತರು ತಮ್ಮ ಕಾಗದಪತ್ರ ಮೊದಲೇ ಅಲ್ಲಿ ಇಡಬಹುದು. ತನಗೇನಾದರೂ ಆದರೆ ಸುದ್ದಿ ಮುಂದುವರಿಯುತ್ತದೆ ಅನ್ನೋದು ಎದುರಿನವರಿಗೂ ಗೊತ್ತಿರಬೇಕು. ಆಗಲೇ ಅದಕ್ಕೆ ಬೆಲೆ.

---

ಹಿಂಬಾಗಿಲ ವರದಿಗಾರ

ಅಂದರೆ ಬಚ್ಚಿಡುವುದಕ್ಕಿಂತ ಹಂಚಿಕೊಂಡಿದ್ದೇನೆ ಅಂತ ಸಾರುವುದೇ ಕ್ಷೇಮ. ನಮ್ಮ ಸಂಪಾದಕರಿಗೆ ಇದನ್ನು ಹೇಗೆ ಹೇಳಲಿ!

---

ಕರಾವಳಿಗಾಳಿ

ಕೊನೆಗೆ ಒಂದು ಸಣ್ಣ ಪ್ರಶ್ನೆ. ಪನಾಮಾ ಕಡತಗಳನ್ನು ನಮ್ಮಂಥವರು ನೋಡಬಹುದಾ?

---

ಡೇಟಾರಂಗ

ಪೂರ್ತಿ ಕಡತ ಇಲ್ಲ. ಇಮೇಲ್, ಪಾಸ್‌ಪೋರ್ಟ್ ಎಲ್ಲ ಹೊರಗೆ ಬಿಟ್ಟಿಲ್ಲ, ಅದು ಸರಿಯೂ ಹೌದು. ಆದರೆ ಐಸಿಐಜೆಯವರ ಆಫ್‌ಶೋರ್ ಲೀಕ್ಸ್ ಡೇಟಾಬೇಸ್ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಬೇರೆ ಬೇರೆ ಸೋರಿಕೆಗಳಿಂದ ಬಂದ 8 ಲಕ್ಷಕ್ಕೂ ಹೆಚ್ಚು ಕಂಪನಿ, ಟ್ರಸ್ಟುಗಳ ಹೆಸರು ಇದೆ. ಊರಿನ ಹೆಸರು ಹಾಕಿಯೂ ಹುಡುಕಿ. ಒಂದು ಎಚ್ಚರಿಕೆ: ಹೆಸರು ಒಂದೇ ಇದೆ ಅಂತ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಯಾಪ್‌ಗೆ ಹಾಕಬೇಡಿ. ನಮ್ಮಲ್ಲಿ ಒಂದೇ ಹೆಸರಿನವರು ಸಾವಿರಾರು ಜನ. ವಿಳಾಸ, ವರ್ಷ, ಜೊತೆಗಿರುವ ಪಾಲುದಾರರು, ಮೂರೂ ಹೊಂದಬೇಕು. ಹೊಂದಿದರೂ ಅಂಥ ಕಂಪನಿ ಇಟ್ಟುಕೊಳ್ಳುವುದೇ ಅಪರಾಧ ಅಲ್ಲ.

---

ಅನುಮಾನಪ್ಪ

ನನ್ನ ಹೆಸರು ಹಾಕಿ ನೋಡಿದೆ. ಇಲ್ಲ. ಆದರೆ ಆ ಡೇಟಾಬೇಸ್ ನಡೆಸಲು ದುಡ್ಡು ಯಾರು ಕೊಡ್ತಾರೆ ಅಂತ ಅಲ್ಲೇ ದಾನಿಗಳ ಪುಟ ಇದೆ. ಅದನ್ನು ಓದ್ತಾ ಇದ್ದೇನೆ.